ಬಾರಾಮಹಲಿನ ಲೆಕ್ಕ ಬಲ್ಲವರು: ಸೇಲಂ–ಧರ್ಮಪುರಿ ಸೀಮೆಯ ಕಚೇರಿಗಳಲ್ಲಿ ಜ್ಞಾನ ನಿರ್ವಹಣೆ, 1792–1980

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ಸಂಸ್ಥೆಗಳಲ್ಲಿ ಜ್ಞಾನವನ್ನು ನಿರ್ವಹಿಸೋದಕ್ಕೆ ಯಾವ ಕೌಶಲ ಬೇಕು, ಯಾವ ಯಾವ ಪಾತ್ರಗಳು ಬೇಕು ಅನ್ನೋದು ಇವತ್ತಿನ ವಿಷಯ. ಮ್ಯಾನೇಜ್‌ಮೆಂಟ್ ವಿಭಾಗದವರು ಇದಕ್ಕೆ ನಾಲೆಜ್ ಮ್ಯಾನೇಜ್‌ಮೆಂಟ್ ಅಂತಾರೆ. ಜಪಾನಿನ ನೊನಾಕಾ ಮತ್ತು ತಾಕೆಉಚಿ ಅವರ ಪುಸ್ತಕ ಬಂದದ್ದು 1995ರಲ್ಲಿ. ಅವರು ಆಧಾರವಾಗಿ ಇಟ್ಟುಕೊಂಡ ವಿಚಾರ ಇನ್ನೂ ಹಳೆಯದು. ನಮಗೆ ಗೊತ್ತಿರೋದರಲ್ಲಿ ಬಹುಪಾಲನ್ನು ನಾವು ಬಾಯಿಬಿಟ್ಟು ಹೇಳಲಾರೆವು ಅಂತ ಮೈಕೆಲ್ ಪೊಲಾನ್ಯಿ 1966ರ ಪುಸ್ತಕದಲ್ಲಿ ವಾದಿಸಿದ್ದರು. ಈ ತಾರೀಖುಗಳನ್ನು ನೋಡಿದರೆ ಇದೊಂದು ಹೊಸ ವಿಷಯ ಅನ್ನಿಸಬಹುದು. ಆದರೆ ಕಚೇರಿ ಇದ್ದ ಕಡೆಯೆಲ್ಲ ಈ ಪ್ರಶ್ನೆ ಇತ್ತು. ಯಾರಿಗೆ ಗೊತ್ತು? ಎಲ್ಲಿ ಬರೆದಿದೆ? ಬರೆದದ್ದು ಸರಿಯೇ ಅಂತ ಯಾರು ನೋಡ್ತಾರೆ? ಗೊತ್ತಿದ್ದವರು ಹೋದ ಮೇಲೆ ಏನು ಗತಿ?

ಈ ನಾಲ್ಕು ಪ್ರಶ್ನೆಗಳನ್ನು ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಚರಿತ್ರೆಗೆ ಹಾಕಿ ನೋಡೋಣ. ನನ್ನ ವಾದ ಇಷ್ಟೇ. ಕಚೇರಿಯ ಜ್ಞಾನದಲ್ಲಿ ನಾಲ್ಕು ಬೇರೆ ಬೇರೆ ಪಾತ್ರಗಳಿವೆ: ಇಟ್ಟುಕೊಳ್ಳುವವರು, ಕೇಳಿ ಬರೆದುಕೊಳ್ಳುವವರು, ತಾಳೆ ನೋಡುವವರು, ಕಲಿಸುವವರು. ಆಳುವವರು ಮೊದಲ ಎರಡನ್ನು ಗುರುತಿಸಿ ಹುದ್ದೆ ಕೊಟ್ಟರು. ಕೊನೆಯ ಎರಡು ಆಯಾ ವ್ಯಕ್ತಿಗಳ ಜೊತೆ ಬಂದು, ಅವರ ಜೊತೆಗೇ ಹೋದವು. ಅದರ ಬೆಲೆ ತೆತ್ತವರು ರೈತರು.

ಸೀಮೆ ಮತ್ತು ಕಡತ

ಬಾರಾಮಹಲ್ ಅಂದರೆ ಈಗಿನ ಧರ್ಮಪುರಿ, ಕೃಷ್ಣಗಿರಿ, ತಿರುಪ್ಪತ್ತೂರು ಸುತ್ತಿನ ಸೀಮೆ. ಹನ್ನೆರಡು ಮಹಲುಗಳ ನಾಡು ಅನ್ನೋದು ಹೆಸರಿನ ವಾಡಿಕೆಯ ಅರ್ಥ. ಮೊದಲು ಇದೆಲ್ಲ ಸೇಲಂ ಜಿಲ್ಲೆಯಲ್ಲೇ ಇತ್ತು. 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಯಿತು, 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಯಿತು. ತಮಿಳು, ತೆಲುಗು, ಕನ್ನಡ ಮೂರೂ ಕೂಡುವ ಜಾಗ ಇದು. ಧರ್ಮಪುರಿಯ ಹಳೆಯ ಹೆಸರು ತಗಡೂರು. ಒಂಬತ್ತನೆಯ ಶತಮಾನದ ನೊಳಂಬ ಅರಸ ಮಹೇಂದ್ರನ ಕಾಲದ ಕನ್ನಡ ಶಾಸನಗಳು ಅಲ್ಲಿ ಸಿಕ್ಕಿವೆ. ಹೈದರ್, ಟಿಪ್ಪು ಕಾಲದಲ್ಲಿ ಇದು ಮೈಸೂರಿನ ಸೀಮೆ. ಅಂದ್ರೆ ಇಲ್ಲಿನ ಕಂದಾಯದ ಮಾತು ಒಂದೇ ಭಾಷೆಯದ್ದಾಗಿರಲಿಲ್ಲ. ಊರಿನಲ್ಲಿ ಒಂದು, ಕಸಬೆಯಲ್ಲಿ ಇನ್ನೊಂದು, ಮೇಲಿನ ಕಚೇರಿಯಲ್ಲಿ ಮತ್ತೊಂದು.

ಊರ ಮಟ್ಟದಲ್ಲಿ ಜ್ಞಾನ ಇಟ್ಟುಕೊಳ್ಳುವವನಿಗೆ ಕನ್ನಡದವರು ಶ್ಯಾನುಭೋಗ ಅಂದರು, ತಮಿಳರು ಕಣಕ್ಕುಪಿಳ್ಳೈ ಅಂದರು, ಸರ್ಕಾರಿ ಕಾಗದದಲ್ಲಿ ಕರ್ಣಂ ಅಂತ ಬಂತು. ತಮಿಳು ಊರುಗಳಲ್ಲಿ ಲೆಕ್ಕ ಓಲೆಗರಿ ಮೇಲೆ ಇರುತ್ತಿತ್ತು. ಕನ್ನಡದ ಕಡೆ ಕಡತ. ಇವತ್ತು ಸರ್ಕಾರಿ ಕನ್ನಡದಲ್ಲಿ ಕಡತ ಅಂದರೆ ಫೈಲು. ‘ಕಡತ ವಿಲೇವಾರಿ’ ಅಂತ ದಿನಾ ಕೇಳ್ತೀವಿ. ಆಗ ಕಡತ ಅಂದರೆ ಇದ್ದಿಲು, ಅಂಟು ಬಳಿದು ಕಪ್ಪು ಮಾಡಿ ಮಡಿಕೆ ಮಡಿಕೆಯಾಗಿ ಮಡಚಿದ ಉದ್ದನೆಯ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆಯೋದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರ ತನ್ನ ಚರಿತ್ರೆಯಲ್ಲಿ ಇದನ್ನು ವರ್ಣಿಸಿದ್ದಾನೆ.

ಕಡತದ ಒಂದು ಗುಣ ನಮಗೆ ಮುಖ್ಯ. ಅದನ್ನು ಒರೆಸಿ ಮತ್ತೆ ಬರೆಯಬಹುದು. ಹಾಗಿದ್ದ ಮೇಲೆ ಬಟ್ಟೆಯೊಂದೇ ಪುರಾವೆ ಆಗೋದಿಲ್ಲ. ಬರೆದವನ ಮೇಲಿನ ಭರವಸೆ, ಊರವರ ನೆನಪು, ಬೇರೆ ಲೆಕ್ಕದ ಜೊತೆ ತಾಳೆ, ಇವೆಲ್ಲ ಸೇರಿದರೇನೇ ಅದು ದಾಖಲೆ. ಶ್ಯಾನುಭೋಗನ ಕೌಶಲ ಅಂದರೆ ಕೈಬರಹ ಮತ್ತು ಭಿನ್ನರಾಶಿಯ ಲೆಕ್ಕ ಮಾತ್ರ ಅಲ್ಲ. ಯಾವ ಹೊಲ ಯಾವ ಮಳೆಗೆ ಬೆಳೆಯುತ್ತೆ, ಯಾವ ಕೆರೆ ತುಂಬಿದರೆ ಎಲ್ಲಿವರೆಗೆ ನೀರು ಹೋಗುತ್ತೆ, ಯಾರ ಹೆಸರಲ್ಲಿ ಇರೋದನ್ನು ಯಾರು ಉಳ್ತಾರೆ, ಇದೆಲ್ಲ ಅವನಿಗೆ ಗೊತ್ತು. ಮಗ ಅಪ್ಪನ ಪಕ್ಕ ಕೂತು ಕಲಿತ. ಮೊದಲ ಓದು ಕೂಲಿಮಠದಲ್ಲಿ, ತಮಿಳು ಕಡೆ ತಿಣ್ಣೈ ಶಾಲೆಯಲ್ಲಿ; ಉಳಿದದ್ದು ಹೊಲದ ಬದುವಿನ ಮೇಲೆ. ಪೊಲಾನ್ಯಿ ಹೇಳಿದ ಜ್ಞಾನ ಇದೇ. ಅದು ಬರೆದದ್ದರ ಹಿಂದೆ ಇರುತ್ತೆ, ಬರೆದದ್ದರಲ್ಲಿ ಇರೋದಿಲ್ಲ.

1792: ಗೂಢಚಾರಿಕೆಯಿಂದ ಅಳತೆಗೆ

1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಆಯಿತು. ಟಿಪ್ಪು ಬಾರಾಮಹಲ್ ಮತ್ತು ಸೇಲಂ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಕಾರ್ನ್‌ವಾಲಿಸ್ ಅದನ್ನು ಮದರಾಸಿನ ಸಿವಿಲ್ ನೌಕರರ ಕೈಗೆ ಕೊಡದೆ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ರೀಡ್‌ಗೆ ಒಪ್ಪಿಸಿದ. ಕಾರಣ, ಸಿವಿಲ್ ನೌಕರರಲ್ಲಿ ದೇಶಭಾಷೆ ಬಲ್ಲವರು ತೀರಾ ಕಡಿಮೆ. ದುಭಾಷಿ ಹೇಳಿದ್ದೇ ಅವರಿಗೆ ವೇದವಾಕ್ಯ. ರೀಡ್ ಕೆಳಗೆ ಮೂವರು ಸಹಾಯಕರು: ಧರ್ಮಪುರಿಯಲ್ಲಿ ಥಾಮಸ್ ಮನ್ರೋ, ಕೃಷ್ಣಗಿರಿ ಕಡೆ ಗ್ರಹಾಂ, ಸೇಲಂ ಕಡೆ ಮ್ಯಾಕ್ಲಿಯಾಡ್.

ಒಂದು ಹಿನ್ನೆಲೆಯನ್ನು ಗಮನಿಸಬೇಕು. ಯುದ್ಧಕ್ಕೆ ಮುಂಚೆ ರೀಡ್ ಆಂಬೂರಿನಲ್ಲಿ ಕೂತು ಮೈಸೂರಿನ ಸುದ್ದಿ ಸಂಗ್ರಹಿಸುವ ಗೂಢಚಾರ ವಿಭಾಗ ನಡೆಸುತ್ತಿದ್ದ. ಮನ್ರೋ ಅಲ್ಲೇ ಅವನ ಸಹಾಯಕ. ಹತ್ತು ಬಾಯಿಂದ ಕೇಳೋದು, ಒಂದರ ಮಾತನ್ನು ಇನ್ನೊಂದರ ಜೊತೆ ಹೋಲಿಸೋದು, ನಂಬೋ ಮೊದಲು ಅನುಮಾನಿಸೋದು, ಇದು ಆ ಕೆಲಸದ ಅಭ್ಯಾಸ. ಅದನ್ನೇ ಅವರು ಕಂದಾಯಕ್ಕೆ ತಂದರು ಅಂತ ನನ್ನ ಓದು.

1793ರಲ್ಲಿ ಶುರುವಾದ ಹೊಲ ಹೊಲದ ಅಳತೆ ಮುಗಿಯೋಕೆ ಸುಮಾರು ಐದು ವರ್ಷ ಬೇಕಾಯಿತು. ರೀಡ್ ಕಚೇರಿಯ ಕಾಗದಗಳು ಬಾರಾಮಹಲ್ ರೆಕಾರ್ಡ್ಸ್ ಅನ್ನೋ ಹೆಸರಲ್ಲಿ 1907ರಿಂದ ಮದರಾಸಿನಲ್ಲಿ ಭಾಗ ಭಾಗವಾಗಿ ಅಚ್ಚಾದವು. ಆಡಳಿತ, ನಿವಾಸಿಗಳು, ಉತ್ಪನ್ನ, ಆಸ್ತಿ, ಭೂಗೇಣಿ, ತೆರಿಗೆ ಅಂತ ವಿಷಯವಾರು ವಿಂಗಡಣೆ ಅದರಲ್ಲಿದೆ. ಇಂದಿನ ಗ್ರಂಥಾಲಯ ವಿಜ್ಞಾನದವರು ಮೆಚ್ಚೋ ಕೆಲಸ. ಮನ್ರೋ ಊರಿಗೆ ಬರೆದ ಕಾಗದಗಳು ಗ್ಲೇಗ್ ಬರೆದ ಜೀವನಚರಿತ್ರೆಯಲ್ಲಿ 1830ರಲ್ಲಿ ಪ್ರಕಟವಾದವು. ಬೆಳಗಾದರೆ ಡೇರೆಯ ಮುಂದೆ ರೈತರು, ಲೆಕ್ಕದವರು, ದೂರು ಹೇಳುವವರು ತುಂಬಿರುತ್ತಿದ್ದ ಚಿತ್ರ ಅವುಗಳಲ್ಲಿ ಸಿಗುತ್ತೆ.

ಇಲ್ಲಿ ನಾಲ್ಕೂ ಪಾತ್ರಗಳು ಒಂದೇ ಕಡೆ ಕೂಡಿದ್ದವು. ಕರ್ಣಂ ಇಟ್ಟುಕೊಂಡವನು. ಗುಮಾಸ್ತ ಕೇಳಿ ಬರೆದುಕೊಂಡವನು. ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸಿದವನೂ ಅವನೇ. ಸಹಾಯಕ ಅಧಿಕಾರಿ ತಾಳೆ ನೋಡಿದವನು. ಹೊಸಬರಿಗೆ ಕೆಲಸ ಕಲಿಸಿದ್ದು ಈ ಗುಂಪಿನ ದಿನನಿತ್ಯದ ಒಡನಾಟ. ತಾಳೆ ನೋಡೋದರಿಂದ ಏನಾಯಿತು ಅನ್ನೋದಕ್ಕೆ ಒಳ್ಳೆಯ ಉದಾಹರಣೆ ರೀಡ್‌ನದೇ. ಅವನಿಗೆ ಮೊದಲು ಬೇಕಾಗಿದ್ದದ್ದು ದೀರ್ಘಾವಧಿಯ ಗುತ್ತಿಗೆ. ರೈತರು ಒಪ್ಪಲಿಲ್ಲ. ಒಂದು ವರ್ಷ ಮಳೆ ಕೈಕೊಟ್ಟರೆ ಐದು ವರ್ಷದ ಮಾತು ಹೇಗೆ ಕೊಡೋದು? ಮನ್ರೋನೂ ವರ್ಷವರ್ಷದ ಕಟ್ಟುಪಾಡೇ ಸರಿ ಅಂತ ವಾದಿಸಿದ. 1796ರ ಡಿಸೆಂಬರ್‌ನಲ್ಲಿ ರೀಡ್ ಹೊರಡಿಸಿದ ಪ್ರಕಟಣೆ ರೈತರಿಗೆ ಪ್ರತಿ ವರ್ಷ ಬೇಕಾದ ಹೊಲ ಹಿಡಿಯುವ, ಬೇಡದ್ದನ್ನು ಬಿಡುವ ಸ್ವಾತಂತ್ರ್ಯ ಕೊಟ್ಟಿತು. ರೈತವಾರಿ ಪದ್ಧತಿಯ ಮೊದಲ ರೂಪ ಅದು. ಕೆಳಗಿನಿಂದ ಬಂದ ತಿಳಿವಳಿಕೆ ಮೇಲಿನವನ ಮನಸ್ಸು ಬದಲಾಯಿಸಿದ್ದು ಕಚೇರಿಗಳ ಚರಿತ್ರೆಯಲ್ಲಿ ಅಪರೂಪ.

1799: ಗುಂಪು ಚದುರಿತು

1799ರ ಯುದ್ಧದಲ್ಲಿ ಟಿಪ್ಪು ಸತ್ತ. ಅದೇ ವರ್ಷ ಬಾರಾಮಹಲಿನ ಗುಂಪು ಒಡೆಯಿತು. ರೀಡ್ ಯುದ್ಧಕ್ಕೆ ಹೋದವನು ಈ ಕೆಲಸಕ್ಕೆ ಮರಳಲಿಲ್ಲ. ಮನ್ರೋ ಕೆನರಾಕ್ಕೆ ಹೋದ. ಮ್ಯಾಕ್ಲಿಯಾಡ್ ಕೊಯಮತ್ತೂರಿಗೆ, ಅಲ್ಲಿಂದ ಮಲಬಾರಿಗೆ. ಇಲ್ಲಿಂದ ಮುಂದೆ ಮೂರು ದಾರಿಗಳನ್ನು ಪಕ್ಕ ಪಕ್ಕ ಇಟ್ಟು ನೋಡೋಣ.

ಮೊದಲನೆಯದು ಸೇಲಂ. ಬಂಗಾಳದ ಮಾದರಿಯ ಕಾಯಂ ಜಮಾಬಂದಿಯನ್ನು ಮದರಾಸಿಗೂ ತರಬೇಕು ಅಂತ ಮೇಲಿನಿಂದ ಆಜ್ಞೆ ಬಂತು. 1802ರಿಂದ ಸೇಲಂ ಸೀಮೆಯನ್ನು ಮಿಟ್ಟಾಗಳಾಗಿ ತುಂಡು ಮಾಡಿ ಮಿಟ್ಟಾದಾರರಿಗೆ ಕೊಟ್ಟರು. ಗಮನಿಸಿ, ರೀಡ್‌ನ ಅಳತೆಯ ಕಾಗದ ಯಾವುದೂ ಕಳೆದಿರಲಿಲ್ಲ. ಮಿಟ್ಟಾಗಳ ಕಂದಾಯಕ್ಕೆ ಅದೇ ಆಧಾರ. ಆದರೆ ಆ ದರದ ಜೊತೆಗಿದ್ದ ಷರತ್ತು, ಅಂದರೆ ರೈತ ಆಗದ ಹೊಲವನ್ನು ಬಿಡಬಹುದು, ಬೆಳೆ ಹೋದ ವರ್ಷ ಮಾಫಿ ಕೇಳಬಹುದು ಅನ್ನೋದು, ದರದ ಪಟ್ಟಿಯಲ್ಲಿ ಇರಲಿಲ್ಲ. ಅದು ಇದ್ದದ್ದು ದರ ಕಟ್ಟಿದವರ ತಲೆಯಲ್ಲಿ. ವರ್ಷವರ್ಷ ಸರಿಹೊಂದಿಸಬೇಕಾದ ಅಂಕಿ ಶಾಶ್ವತ ಅಂಕಿ ಆಯಿತು. ಎಷ್ಟೋ ಮಿಟ್ಟಾಗಳು ಬಾಕಿ ಬಿದ್ದು ಮತ್ತೆ ಸರ್ಕಾರದ ಕೈಗೇ ಬಂದವು. ಅಷ್ಟರಲ್ಲಿ ಬಾಕಿಯ ಒತ್ತಡವೆಲ್ಲ ಉಳುವವನ ಮೇಲೆ ಬಿದ್ದಾಗಿತ್ತು.

ಎರಡನೆಯದು ಮಲಬಾರು. ಅಲ್ಲಿ ಮ್ಯಾಕ್ಲಿಯಾಡ್ ಅವಸರದಲ್ಲಿ ಅಳತೆ ಮಾಡಿಸಿದ, ಕಂದಾಯ ಏರಿಸಿದ, ನಾಣ್ಯದ ವಿನಿಮಯ ದರವನ್ನೂ ಬದಲಿಸಿದ. ಜನ ದಂಗೆ ಎದ್ದರು. 1803ರಲ್ಲಿ ಅವನು ಜಾಗ ಖಾಲಿ ಮಾಡಬೇಕಾಯಿತು, ಅವನ ಕ್ರಮಗಳನ್ನು ಹಿಂತೆಗೆದರು. ಸೇಲಂನಲ್ಲಿ ಐದು ವರ್ಷ ಹಿಡಿದ ಕೆಲಸದ ವಿಧಾನ ಅವನಿಗೆ ಗೊತ್ತಿತ್ತು. ಆದರೆ ಮಲಬಾರಿನ ನೆಲ ಬೇರೆ, ಜನ್ಮಿ–ಕಾಣದಾರರ ಸಂಬಂಧ ಬೇರೆ. ಅಲ್ಲಿನ ಇಟ್ಟುಕೊಳ್ಳುವವರ ಮಾತನ್ನು ಕೇಳಿ ತಾಳೆ ನೋಡುವ ವ್ಯವಧಾನ ಇರಲಿಲ್ಲ.

ಮೂರನೆಯದು ಮನ್ರೋನ ದಾರಿ. ಕೆನರಾದಲ್ಲಿ ಅವನು ಶ್ಯಾನುಭೋಗರ ಕಪ್ಪು ಬಟ್ಟೆಯ ಕಡತಗಳನ್ನು ತರಿಸಿ ಓದಿಸಿದ. ವಿಜಯನಗರ ಕಾಲದಿಂದ ಕಂದಾಯ ಹೇಗೆ ಏರುತ್ತ ಬಂತು ಅಂತ 1800ರ ಮೇ 31ರ ವರದಿಯಲ್ಲಿ ಬರೆದ. ಸೇಲಂ ಮಾದರಿಯನ್ನು ಅಲ್ಲಿ ಹೇರಲಿಲ್ಲ. ಅಲ್ಲಿನ ಮೂಲಗೇಣಿ, ಖಾಸಗಿ ಒಡೆತನದ ರೂಢಿಯನ್ನು ಮೊದಲು ತಿಳಿದುಕೊಂಡ. ಆಮೇಲೆ ದತ್ತಮಂಡಲಕ್ಕೆ, ಅಂದ್ರೆ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಸೀಮೆಗೆ ಬಂದ. 1802ರ ಜೂನ್‌ನಲ್ಲಿ ಅಲ್ಲಿ ಅಳತೆ ಶುರುವಾದಾಗ ಆ ಇಡೀ ಸೀಮೆಯಲ್ಲಿ ಭೂಮಿ ಅಳೆಯಲು ಬಲ್ಲವರು ಮನ್ರೋ ಕಚೇರಿಯ ನಾಲ್ವರು ಗುಮಾಸ್ತರು ಮಾತ್ರ. ಅವರು ಊರಿನವರಿಗೆ ಕಲಿಸಿದರು. ವರ್ಷದ ಕೊನೆಗೆ ಐವತ್ತು ಮಂದಿ ಅಳತೆಗಾರರು, ಮರುವರ್ಷ ನೂರು. ಸರಪಳಿ 33 ಅಡಿಯದ್ದು. 33 ಅಡಿ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ನಮ್ಮ ಪಹಣಿಯಲ್ಲಿ ಈಗಲೂ ಓದೋದು ಇದೇ ಲೆಕ್ಕ. ಅಳೆದವರ ಕೆಲಸವನ್ನು ಮತ್ತೆ ಅಳೆದು ನೋಡಲು ಮುಖ್ಯ ಅಳತೆಗಾರರಿದ್ದರು. ದರ ಕಟ್ಟುವಾಗ ಊರ ಗೌಡ, ಕರ್ಣಂ, ರೈತರ ಅಭಿಪ್ರಾಯ ಕೇಳುವ ಕ್ರಮ ಇತ್ತು. ಇಷ್ಟೆಲ್ಲ ಆದ ಮೇಲೂ 1807ರಲ್ಲಿ ಮನ್ರೋ, ಈ ಕಂದಾಯ ಹೆಚ್ಚಾಯಿತು, ನೂರಕ್ಕೆ 25 ಇಳಿಸಬೇಕು ಅಂತ ಶಿಫಾರಸು ಮಾಡಿದ.

ಆ ನಾಲ್ವರ ಹೆಸರು ವರದಿಯಲ್ಲಿ ಇಲ್ಲ. 1812ರಲ್ಲಿ ಪಾರ್ಲಿಮೆಂಟಿನ ಮುಂದೆ ಹೋದ ಐದನೆಯ ವರದಿಯಲ್ಲಿ ಮನ್ರೋನ ಹೆಸರಿದೆ, ಸಂಖ್ಯೆಗಳಿವೆ. ನಾಲ್ವರನ್ನು ನೂರು ಮಾಡಿದ ಕಲಿಸುವ ಕೆಲಸಕ್ಕೆ ಒಂದು ಹುದ್ದೆಯ ಹೆಸರೂ ಇರಲಿಲ್ಲ. ನಮ್ಮ ವಿಷಯಕ್ಕೆ ಇದು ತುಂಬಾ ಮುಖ್ಯ ಅಂತ ನನಗನ್ನಿಸುತ್ತೆ.

ಇಟ್ಟುಕೊಳ್ಳುವವನ ಮೇಲೆ ಕಾನೂನು

ಕಂಪನಿ ಸರ್ಕಾರ ಹುದ್ದೆ ಅಂತ ಗುರುತಿಸಿದ್ದು ಕರ್ಣಂನನ್ನು. ಮದರಾಸಿನ 1802ರ 29ನೆಯ ರೆಗ್ಯುಲೇಶನ್ ಅವನ ಕರ್ತವ್ಯಗಳನ್ನು ಪಟ್ಟಿ ಮಾಡಿತು. ಜಮೀನ್ದಾರನೋ ಮಿಟ್ಟಾದಾರನೋ ತನ್ನ ಇಷ್ಟ ಬಂದ ಹಾಗೆ ಅವನನ್ನು ತೆಗೆಯುವಂತಿರಲಿಲ್ಲ; ಅದಕ್ಕೆ ನ್ಯಾಯಾಲಯದ ತೀರ್ಪು ಬೇಕಿತ್ತು. ಯೋಚಿಸಿ ಮಾಡಿದ ಏರ್ಪಾಡು ಅದು. ಲೆಕ್ಕ ಇಡುವವನು ಯಜಮಾನನ ಹಂಗಿನಲ್ಲಿ ಇರಬಾರದು ಅನ್ನೋ ತಿಳಿವಳಿಕೆ ಅದರಲ್ಲಿದೆ. ಜೊತೆಗೇ ಹುದ್ದೆ ವಂಶದಲ್ಲಿ ಮುಂದುವರಿಯುವ ಪದ್ಧತಿಯೂ ಗಟ್ಟಿಯಾಯಿತು. 1895ರ ವಂಶಪಾರಂಪರ್ಯ ಗ್ರಾಮ ಹುದ್ದೆಗಳ ಕಾಯ್ದೆ ಅದಕ್ಕೆ ಮುದ್ರೆ ಒತ್ತಿತು.

ಇದರಿಂದ ಜ್ಞಾನ ಒಂದು ಮನೆಯ ಸ್ವತ್ತಾಯಿತು. ಮಗನಿಗೆ ಕಲಿಸಿದರು, ಊರಿಗೆ ಕಲಿಸಲಿಲ್ಲ. ತನ್ನ ಹೊಲದ ಲೆಕ್ಕ ತಿಳಿಯೋಕೆ ರೈತ ಆ ಮನೆಯ ಜಗುಲಿ ಮುಂದೆ ಕೈಕಟ್ಟಿ ನಿಲ್ಲಬೇಕು. ಜಾತಿಯ ಅಂತರ ಬೇರೆ. ಸ್ವಾತಂತ್ರ್ಯದ ನಂತರ ಇದು ನಿಲ್ಲೋ ಹಾಗೆ ಇರಲಿಲ್ಲ. ಗಜುಲ ದಶರಥ ರಾಮರಾವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1960ರ ಡಿಸೆಂಬರ್‌ನಲ್ಲಿ, ವಂಶ ನೋಡಿ ಗ್ರಾಮ ಹುದ್ದೆ ಕೊಡೋದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ನಮ್ಮಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಶ್ಯಾನುಭೋಗಿಕೆ ಹೋಯಿತು. ತಮಿಳುನಾಡಿನಲ್ಲಿ 1980ರ ನವೆಂಬರ್‌ನಲ್ಲಿ ಎಂ.ಜಿ. ರಾಮಚಂದ್ರನ್ ಸರ್ಕಾರ ಸುಗ್ರೀವಾಜ್ಞೆ ತಂದು ಕರ್ಣಂ, ಮಣಿಯಗಾರ ಹುದ್ದೆಗಳನ್ನು ಒಂದೇ ಏಟಿಗೆ ತೆಗೆಯಿತು. 1982ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕರ್ಣಂ ಜಾಗಕ್ಕೆ ಪೂರ್ಣಾವಧಿಯ ಗ್ರಾಮ ಆಡಳಿತಾಧಿಕಾರಿ ಬಂದರು, ಸ್ಪರ್ಧಾತ್ಮಕ ಪರೀಕ್ಷೆ ಬರೆದು ಬರುವವರು.

ರದ್ದು ಮಾಡಿದ್ದು ನ್ಯಾಯ. ಆದರೆ ಚಿಟ್ಟಾ, ಅಡಂಗಲ್, ಪಟ್ಟಾ ಪುಸ್ತಕಗಳನ್ನು ಕೈಬದಲಿಸಬಹುದು. ಪುಸ್ತಕದಲ್ಲಿ ಇಲ್ಲದ್ದನ್ನು ಹೊಸಬರಿಗೆ ದಾಟಿಸೋದಕ್ಕೆ ಬೇರೆಯದೇ ಏರ್ಪಾಡು ಬೇಕು. 1799ರಲ್ಲಿ ಬಿಟ್ಟುಹೋದ ಪಾತ್ರವೇ, ಕಲಿಸುವವನ ಪಾತ್ರವೇ, ಇಲ್ಲೂ ಖಾಲಿ ಉಳಿಯಿತು. ಧರ್ಮಪುರಿಯಂಥ ಮೂರು ಭಾಷೆಯ ಸೀಮೆಯಲ್ಲಿ ಈ ಖಾಲಿತನ ಹೆಚ್ಚು ದೊಡ್ಡದು. ಹೊಲಕ್ಕೆ ಮನೆಯಲ್ಲಿ ಕರೆಯೋ ಕನ್ನಡ ಹೆಸರು ಒಂದು, ದಾಖಲೆಯಲ್ಲಿ ಇರೋದು ತಮಿಳು ಅಕ್ಷರದ ಸರ್ವೆ ನಂಬರು. ಎರಡನ್ನೂ ಜೋಡಿಸಿ ಓದಬಲ್ಲವರು ಇದ್ದರೆ ತಕರಾರು ಬದುವಿನಲ್ಲೇ ಮುಗಿಯುತ್ತೆ. ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೆ.

ಚರ್ಚೆಯಿಂದ

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ಸರ್, ಶ್ಯಾನುಭೋಗರು ತಮ್ಮ ಜ್ಞಾನವನ್ನು ಜನರ ಮೇಲೆ ಅಧಿಕಾರ ನಡೆಸೋಕೆ ಬಳಸಿದರು. ನಿಮ್ಮ ಮಾತು ಅವರನ್ನು ಸಮರ್ಥಿಸಿದ ಹಾಗೆ ಕೇಳಿಸ್ತು.

ಉತ್ತರ: ಪ್ರಶ್ನೆ ಸರಿಯಾಗಿದೆ ಅಮ್ಮ. ನಾನು ವ್ಯಕ್ತಿ ಮತ್ತು ಪಾತ್ರ ಎರಡನ್ನೂ ಬೇರೆ ಮಾಡ್ತಿದ್ದೀನಿ. ಒಂದೇ ಮನೆಯವರು ಇಟ್ಟುಕೊಳ್ಳೋದು, ತಾಳೆ ನೋಡೋದು, ಕಲಿಸೋದು ಎಲ್ಲವನ್ನೂ ಹಿಡಿದಿದ್ದರಿಂದಲೇ ಅದು ದಬ್ಬಾಳಿಕೆ ಆಯಿತು. ದತ್ತಮಂಡಲದಲ್ಲಿ ಅಳೆಯುವವನು ಬೇರೆ, ಮತ್ತೆ ಅಳೆದು ನೋಡುವವನು ಬೇರೆ. ಪಾತ್ರಗಳನ್ನು ಹಂಚಿದರೆ ಯಾರೂ ಒಡೆಯರಾಗೋದಿಲ್ಲ. ಹುದ್ದೆ ತೆಗೆದದ್ದು ಸರಿ. ಅದರಲ್ಲಿದ್ದ ಕೆಲಸಗಳನ್ನು ಎಣಿಸಿ, ಒಂದೊಂದನ್ನೂ ಯಾರಿಗೆ ವಹಿಸ್ತೀವಿ ಅಂತ ಕೇಳಬೇಕಿತ್ತು ಅನ್ನೋದಷ್ಟೇ ನನ್ನ ತಕರಾರು.

ಪ್ರಶ್ನೆ (ಅಧ್ಯಾಪಕರು): ಈಗ ಎಲ್ಲ ಕಂಪ್ಯೂಟರಿಗೆ ಹೋಗಿದೆಯಲ್ಲ. ನಮ್ಮ ಭೂಮಿ ಯೋಜನೆಯಲ್ಲಿ ಪಹಣಿ ಕಿಯಾಸ್ಕ್‌ನಲ್ಲೇ ಸಿಗುತ್ತೆ. ಈ ನಾಲ್ಕು ಪಾತ್ರದ ಮಾತು ಈಗಲೂ ನಿಲ್ಲುತ್ತಾ?

ಉತ್ತರ: ನಿಲ್ಲುತ್ತೆ ಸರ್. ಭೂಮಿಯಿಂದ ರೈತರಿಗೆ ದೊಡ್ಡ ಅನುಕೂಲ ಆಗಿದೆ. ಜಗುಲಿ ಮುಂದೆ ನಿಲ್ಲೋದು ತಪ್ಪಿದೆ. ಆದರೆ ಎಷ್ಟೋ ಖಾತೆ ಬದಲಾವಣೆಗಳನ್ನು ಈಗಲೂ ಗ್ರಾಮ ಆಡಳಿತಾಧಿಕಾರಿಗಳು, ಕಂದಾಯ ನಿರೀಕ್ಷಕರು ನೋಡಬೇಕು. ಇಟ್ಟುಕೊಳ್ಳುವ ಕೆಲಸವನ್ನು ಯಂತ್ರಕ್ಕೆ ಕೊಟ್ಟಿದ್ದೀವಿ. ತಾಳೆ ನೋಡೋದು ಮನುಷ್ಯರ ಹತ್ತಿರವೇ ಉಳಿದಿದೆ. ಹಳೆಯ ತಪ್ಪು ಗಣಕದೊಳಗೆ ಹೋದರೆ ಮಿಟ್ಟಾ ಕಾಲದ ಅಂಕಿಯ ಹಾಗೆ ಶಾಶ್ವತ ಆಗಿಬಿಡುತ್ತೆ, ಅದಕ್ಕೇ ತಾಳೆ ನೋಡುವವರು ಈಗ ಇನ್ನೂ ಹೆಚ್ಚು ಬೇಕು.

ಪ್ರಶ್ನೆ (ಎಂ.ಎ. ವಿದ್ಯಾರ್ಥಿ): ನಮ್ಮಂಥವರು ಇದರಲ್ಲಿ ಏನು ಮಾಡಬಹುದು ಸರ್?

ಉತ್ತರ: ಒಂದು ಸಣ್ಣ ಕೆಲಸ ಹೇಳ್ತೀನಿ. ಧರ್ಮಪುರಿ, ಪೆನ್ನಾಗರಂ, ಹೊಸೂರು ಕಡೆ ಕನ್ನಡ ಮಾತಾಡೋ ಊರುಗಳಿವೆ. ಯಾವುದಾದರೂ ಒಂದು ಊರು ಆರಿಸಿಕೊಳ್ಳಿ. ಅಲ್ಲಿನ ಹಿರಿಯರನ್ನು ಕರೆದುಕೊಂಡು ಹೊಲದ ಮೇಲೆ ನಡೀರಿ, ಮನೆಯಲ್ಲಿ ಕೂತು ಕೇಳಬೇಡಿ. ಹೊಲದ ಹೆಸರು, ಮಣ್ಣಿನ ಹೆಸರು, ನೀರು ಹರಿಯೋ ದಾರಿ ಬರೆದುಕೊಳ್ಳಿ. ಪಕ್ಕದಲ್ಲಿ ಈಗಿನ ಸರ್ವೆ ನಂಬರು ಬರೆಯಿರಿ. ಇನ್ನೊಬ್ಬ ಹಿರಿಯರ ಹತ್ತಿರ, ಆಗೋದಾದರೆ ಬೇರೆ ಜಾತಿಯ, ಬೇರೆ ಭಾಷೆಯ ಹಿರಿಯರ ಹತ್ತಿರ, ತಾಳೆ ನೋಡಿ. ವ್ಯತ್ಯಾಸ ಬಂದರೆ ಎರಡನ್ನೂ ಉಳಿಸಿಕೊಳ್ಳಿ. ಆಮೇಲೆ ಊರಿನ ಇಬ್ಬರು ಹುಡುಗರಿಗೆ ಅದನ್ನು ಮಾಡೋದು ಹೇಗೆ ಅಂತ ಕಲಿಸಿ ಬನ್ನಿ. ಪ್ರಬಂಧ ಬರೆಯೋದು ಅದಾದ ಮೇಲೆ.